ಗುಬ್ಬಿ ಕಟ್ಟಿದ ಹಲ್ಲು

ಮಾರ್ಚ್ ೪

ನನ್ನ ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ಉತ್ತರ ಬರೆಯದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಫೋನ್ ಮಾಡಿದರೂ ಎತ್ತಲಿಲ್ಲ ಎಂದು ಮಾತ್ರ ಮುನಿಸಿಕೊಳ್ಳಬೇಡ. ಎತ್ತದಿರುವುದಕ್ಕೆ ಕಾರಣವಿದೆ. ಎತ್ತಿ ಎರಡು ಮಾತಾಡಿದ್ದರೆ ನಿನಗೆ ತಕ್ಷಣ ಗೊತ್ತಾಗಿಬಿಡುತ್ತಿತ್ತು. ಅದನ್ನೇ ಇವತ್ತು ಬರೆಯೋಣವೆಂದು ಕೂತಿದ್ದೇನೆ.

ಮೊದಲು ನಿನ್ನ ಮಂಡಿನೋವು ಹೇಗಿದೆ, ಹೇಳು. ಭಾವ ಈಗಲೂ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುತ್ತಾರಾ? ಇಲ್ಲಿ ನಾನು, ನನ್ನ ಮಗಳು ಇಬ್ಬರೂ ಆರೋಗ್ಯವಾಗಿದ್ದೇವೆ. ಆರೋಗ್ಯ ಎಂದು ಬರೆಯುವಾಗ ಕೈ ಸ್ವಲ್ಪ ತಡವರಿಸಿತು, ಅಷ್ಟೇ.

ನಮ್ಮ ಗುಬ್ಬಿ ಈಗ ಹಲ್ಲಿನ ಡಾಕ್ಟರು ಎಂಬುದು ನಿನಗೆ ಗೊತ್ತಲ್ಲ. ಓದು ಮುಗಿಸಿ ನಮ್ಮ ಮುಂದಿನ ಕೋಣೆಯಲ್ಲೇ ದವಾಖಾನೆ ತೆರೆದಿದ್ದಾಳೆ. ಸೋಫಾ ಹೋಗಿ ಆ ಜಾಗಕ್ಕೆ ಹಲ್ಲಿನ ಕುರ್ಚಿ ಬಂದಿದೆ. ಬೀದಿಯ ಕಡೆಯ ಕಿಟಕಿಗೆ ಮಸುಕು ಹಾಳೆ ಅಂಟಿಸಿದ್ದಾಳೆ. ಇಡೀ ಮನೆಗೆ ಲವಂಗದ ಎಣ್ಣೆಯ ವಾಸನೆ. ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬೆಳಿಗ್ಗೆಯಿಂದ ಬಾಗಿಲು ನೋಡುತ್ತ ಕೂರುತ್ತಿದ್ದಳು. ಬಂದರೆ ಒಬ್ಬ ಮುದುಕ ಅಲ್ಲಾಡುವ ಹಲ್ಲು ಕೀಳಿಸಿಕೊಳ್ಳಲು, ಇಲ್ಲವೇ ಒಬ್ಬಾಕೆ ಹಲ್ಲು ತೊಳೆಸಿಕೊಳ್ಳಲು. ನಗುವನ್ನು ಚೆಂದ ಮಾಡುವ ಕೆಲಸ ಇದೆಯಲ್ಲ, ಹಲ್ಲಿನ ಮುಂಭಾಗವನ್ನು ಉಜ್ಜಿ ಮೇಲೆ ಪಿಂಗಾಣಿಯ ತೆಳು ಪದರ ಅಂಟಿಸುವುದು, ಅದನ್ನು ಮಾಡಬೇಕು ಎಂಬುದು ಅವಳ ಆಸೆ. ಆದರೆ ಹೊಸ ಡಾಕ್ಟರ ಕೈಗೆ ಮುಂದಿನ ಹಲ್ಲು ಕೊಡುವವರು ಯಾರು?

"ಅಮ್ಮ, ನಿಂಗೆ ಮಾಡ್ಲಾ?" ಅಂದಳು ಒಂದು ದಿನ.

ನನ್ನ ಹಲ್ಲಿನ ಕಥೆ ನಿನಗೆ ಹೇಳಬೇಕಾಗಿಲ್ಲ. ಕೋರೆಹಲ್ಲು ಪಕ್ಕದ ಹಲ್ಲಿನ ಹೆಗಲೇರಿ ಕೂತದ್ದನ್ನು ನೋಡಿ ನನಗೆ ಸೊಟ್ಟಹಲ್ಲಿ ಎಂದು ಹೆಸರಿಟ್ಟವಳೇ ನೀನು. ಆ ಹಲ್ಲಿನ ಬಗ್ಗೆ ನನಗೆ ಯಾವತ್ತೂ ಬೇಸರವಿರಲಿಲ್ಲ. ಆದರೆ ಗುಬ್ಬಿಯ ಮುಖ ನೋಡಬೇಕಿತ್ತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಬಾಯನ್ನೇ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದೆ.

ಮರಗಟ್ಟಿಸಿ ಉಜ್ಜುವಾಗ ನೋವೇನೂ ಇರಲಿಲ್ಲ. ಸುಟ್ಟ ಉಗುರಿನಂಥ ವಾಸನೆ, ತಲೆಯೊಳಗೇ ಗಿರಣಿ ತಿರುಗಿದಂತೆ ಸದ್ದು. ಕಣ್ಣೆತ್ತಿದರೆ ಮುಖವಸ್ತ್ರದ ಮೇಲೆ ಅವಳ ಹಣೆ ಬೆವೆತಿರುವುದು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳಲ್ಲ, ಹಾಗೆಯೇ ಉಸಿರು ಹಿಡಿದಿದ್ದಳು. ಕೆಲವು ಸಲ ಹೀಗೆ ಕೂತ ಮೇಲೆ ಕೊನೆಗೆ ಎಲ್ಲ ಅಂಟಿಸಿ, ಕೈಗೆ ಕನ್ನಡಿ ಕೊಟ್ಟಳು.

ಏನು ಹೇಳಲಿ ಅಕ್ಕ. ನನ್ನ ಬಾಯಲ್ಲಿ ಯಾರೋ ಬಾಡಿಗೆಗೆ ಬಂದು ಕೂತಿದ್ದರು. ಕೈತೊಳೆಯುವ ಬೇಸಿನ್ನಿನಷ್ಟು ಬಿಳಿ. ಉದ್ದ, ದಪ್ಪ, ಎಲ್ಲ ಒಂದಕ್ಕೊಂದು ಅಂಟಿ ಗೋಡೆ ಕಟ್ಟಿದ ಹಾಗೆ. ತುಟಿ ಮುಚ್ಚಿದರೂ ಪೂರ್ತಿ ಮುಚ್ಚಲಿಲ್ಲ.

"ಹೇಗಿದೆ ಅಮ್ಮ?"

"ತುಂಬಾ ಚೆನ್ನಾಗಿದೆ ಕಣೇ," ಅಂದೆ.

ಕೈಗವಸು ಕೂಡ ಬಿಚ್ಚದೆ ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ನನ್ನ ಹಳೆಯ ನಗು, ಹೊಸ ನಗು ಎರಡನ್ನೂ ಫೋಟೋ ತೆಗೆದು, ದೊಡ್ಡದು ಮಾಡಿಸಿ ಗೋಡೆಗೆ ನೇತುಹಾಕಿದ್ದಾಳೆ.

ಮನೆಯಲ್ಲಿ ಸುಮ್ಮನಿದ್ದುಬಿಡಬಹುದು. ಆದರೆ ನನ್ನ ಕೆಲಸ ಎಂಥದ್ದು ನೋಡು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮನ ಬಾಯೇ ಕಪ್ಪುಹಲಗೆ. ತುಟಿ ಹೇಗೆ ಸೇರಿತು, ನಾಲಿಗೆ ಹಲ್ಲಿಗೆ ಎಲ್ಲಿ ತಾಗಿತು ಎಂದು ನೋಡಿ ನೋಡಿಯೇ ಅವು ಮಾತು ಓದುವುದು. ಕೆಳತುಟಿ ಮೇಲಿನ ಹಲ್ಲಿಗೆ ಮೆತ್ತಗೆ ತಾಗಿದರೆ ವ. ತುಟಿ ತುಟಿ ಸೇರಿದರೆ ಮ. ಈಗ ಹಲ್ಲು ಉದ್ದವಾಗಿ ನನ್ನ ವ ಹಾಳಾಗಿದೆ. ಸಾಲದೆಂಬಂತೆ ಹಲ್ಲು ಕಾಣದಿರಲಿ ಎಂದು ಮೇಲ್ತುಟಿಯನ್ನು ನನಗೇ ಗೊತ್ತಿಲ್ಲದೆ ಕೆಳಗೆಳೆದುಕೊಳ್ಳುತ್ತೇನೆ. ಕಳೆದ ವಾರ ತರಗತಿಯಲ್ಲಿ "ವರ ಬಂದ" ಎಂದು ಹೇಳಿ ಚಿತ್ರ ಬರೆಯಲು ಕೊಟ್ಟರೆ ಮಕ್ಕಳೆಲ್ಲ ಎರಡು ಕಾಲಿನ ಮರ ಬರೆದು ತಂದವು. ನಕ್ಕೆ. ಅವೂ ನಕ್ಕವು. ಆಮೇಲೆ ಶಿಕ್ಷಕರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸ ಅಂದರೆ ಸೀಟಿ ಹೊಡೆದ ಹಾಗೆ ಕೇಳುತ್ತದೆ. ಫೋನ್ ಎತ್ತದ್ದು ಅದಕ್ಕೇ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತದೆ. ತಣ್ಣೀರು ಕುಡಿದರೆ ಜೀವ ಜುಂ ಅನ್ನುತ್ತದೆ. ಗುಬ್ಬಿ ದಿನಾ ಸಂಜೆ ಕೋಟು ಬಿಚ್ಚಿಡುತ್ತ ಕೇಳುತ್ತಾಳೆ, "ಅಮ್ಮ, ಏನೂ ತೊಂದ್ರೆ ಇಲ್ಲ ತಾನೇ?" ಇಲ್ಲ ಅನ್ನುತ್ತೇನೆ.

ನೀನು ಯಾರಿಗೂ ಹೇಳಬೇಡ, ಭಾವನಿಗೂ.

ನಿನ್ನ
ತಂಗಿ

&nbsp;

ಮೇ ೧೯

ಅಕ್ಕ,

"ಮಗಳಿಗೆ ಹೇಳಿಬಿಡು, ಅದರಲ್ಲೇನು" ಎಂದು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನಿನ್ನ ಸ್ವಭಾವವೇ ಹಾಗೆ, ನೇರ. ನಾನು ಹೇಳಬೇಕೆಂದು ಅಡುಗೆಮನೆಯಲ್ಲಿ ಎಷ್ಟು ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೇನೋ. ಹೋದರೆ ಅವಳು ಯಾರಿಗೋ ಆ ಫೋಟೋ ತೋರಿಸಿ "ಇವ್ರು ನಮ್ಮಮ್ಮ" ಅನ್ನುತ್ತಿರುತ್ತಾಳೆ. ಬಂದ ದಾರಿಯಲ್ಲೇ ಹಿಂದಿರುಗುತ್ತೇನೆ.

ಈ ಸಲ ತಡವಾಗಿ ಬರೆಯುತ್ತಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಬರೆಯುವುದಕ್ಕೆ ಒಳ್ಳೆಯದು ಏನಾದರೂ ಸಿಗಲಿ ಎಂದು ಕಾಯುತ್ತಿದ್ದೆ. ಸಿಗಲಿಲ್ಲ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ತಲೆತುಂಬ ಸುರುಳಿ ಕೂದಲು, ಅದಕ್ಕೇ ಎಲ್ಲರ ಬಾಯಲ್ಲಿ ಗುಂಗುರು. ಚುರುಕೆಂದರೆ ಚುರುಕು. ನಾನು ಕೋಣೆಯ ಆಚೆ ತುದಿಯಲ್ಲಿ ಬೇರೆ ಟೀಚರಿಗೆ ಪಿಸುಗುಟ್ಟಿದ್ದನ್ನೂ ಓದಿ ಊರಿಗೆಲ್ಲ ಡಂಗುರ ಸಾರುವಂಥವಳು. ಈ ವರ್ಷ ಅವಳನ್ನು ಕಿವಿ ಕೇಳುವ ಮಕ್ಕಳ ಜೊತೆ ಮಾಮೂಲಿ ಶಾಲೆಗೆ ಸೇರಿಸುವುದೆಂದು ಮಾತಾಗಿತ್ತು. ಅದಕ್ಕೆ ಒಂದು ಪರೀಕ್ಷೆ. ಮಗುವಿಗೆ ಪರಿಚಯದ ಟೀಚರೇ ಪದಗಳನ್ನೂ ವಾಕ್ಯಗಳನ್ನೂ ಹೇಳಬೇಕು, ಮಗು ಓದಿ ಬರೆಯಬೇಕು, ಹೊರಗಿನವರು ಪಕ್ಕದಲ್ಲಿ ಕೂತು ನೋಡುತ್ತಾರೆ. ಮೂರು ವರ್ಷದಿಂದ ಅವಳು ಓದಿದ್ದು ನನ್ನ ಬಾಯಿ. ಬೇರೆ ಯಾರಾದರೂ ಹೇಳಲಿ ಎಂದು ಹೆಡ್ ಮಿಸ್ ಹತ್ತಿರ ಕೇಳಿದೆ. "ನೀವು ಬಿಟ್ರೆ ಅವಳು ಯಾರನ್ನ ನೋಡ್ತಾಳೆ ಮಿಸ್? ಧೈರ್ಯವಾಗಿ ಹೋಗಿ," ಅಂದರು.

ಹೋದೆ. "ಒಂದು ವಾರ ರಜೆ" ಅಂದರೆ "ಒಂದು ಭಾರ ರಜೆ" ಎಂದು ಬರೆದಳು. ಹಾಗೇ ಒಂದಾದ ಮೇಲೊಂದು. ಮೊದಮೊದಲು ನನ್ನನ್ನು ನೋಡಿ ನಗುತ್ತಿದ್ದವಳು ಆಮೇಲೆ ಪೆನ್ಸಿಲ್ ಬಾಯಿಗಿಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡತೊಡಗಿದಳು. ನಾನು ಬಾಯಿ ಇನ್ನಷ್ಟು ಅಗಲಿಸಿ ಹೇಳಿದೆ. ಅದು ಇನ್ನೂ ಕೆಟ್ಟಿತು. ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ತೀರ್ಮಾನವಾಯಿತು.

ಎಲ್ಲ ಮುಗಿದು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಗುಂಗುರು ಬಂದು ಎದುರು ನಿಂತಳು. ಹೆಬ್ಬೆರಳಿನಿಂದ ನನ್ನ ಮೇಲ್ತುಟಿ ಎತ್ತಿ ಒಳಗೆ ನೋಡಿದಳು, ಕುದುರೆಯ ಹಲ್ಲು ನೋಡುವವರ ಹಾಗೆ. ಆಮೇಲೆ ಕೈಸನ್ನೆಯಲ್ಲಿ ಕೇಳಿದಳು: ಮೊದಲಿನ ಬಾಯಿ ಎಲ್ಲಿಟ್ಟಿರಿ?

ಮಾರನೆಯ ದಿನವೇ ಗುಬ್ಬಿಗೆ ಶಾಲೆಯ ಕೆಲಸವೆಂದು ಹೇಳಿ, ಬಸ್ಸು ಹತ್ತಿ ಊರಿನ ಆಚೆ ಬದಿಯ ಒಬ್ಬ ಹಿರಿಯ ಡಾಕ್ಟರಮ್ಮನ ಹತ್ತಿರ ಹೋದೆ. ಮೆಟ್ಟಿಲು ಹತ್ತುವಾಗ ಕಳ್ಳತನಕ್ಕೆ ಹೊರಟವಳ ಹಾಗೆ ಎರಡು ಸಲ ಹಿಂದೆ ತಿರುಗಿ ನೋಡಿದೆ. ಆಕೆ ಬೆಳ್ಳಿಗೂದಲಿನವರು, ಮಾತು ಕಡಿಮೆ. ದೀಪ ಹಚ್ಚಿ, ಪುಟ್ಟ ಕನ್ನಡಿ ಹಿಡಿದು, ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲಿನ ಅಂಚು ತಡವಿ ನೋಡಿದರು.

"ಯಾರು ಮಾಡಿದ್ದು?"

"ಬೇರೆ ಊರಲ್ಲಿ ಮಾಡಿಸ್ಕೊಂಡೆ."

"ಹ್ಞೂಂ. ಕೈ ಕೆಟ್ಟದ್ದಲ್ಲ. ಅವಸರ ಮಾಡಿದಾರೆ. ಅಂಚು ಒಸಡಿನೊಳಗೆ ಹೊಕ್ಕು ಒತ್ತುತಾ ಇದೆ. ಇವನ್ನೆಲ್ಲ ಕೊಯ್ದು ತೆಗೀಬೇಕು. ತಾತ್ಕಾಲಿಕ ಹಲ್ಲು ಹಾಕಿ, ಒಸಡು ವಾಸಿಯಾದ ಮೇಲೆ ಹೊಸದು ಕೂರಿಸ್ಬೇಕು. ಪದರ ಸಾಲಲ್ಲ, ಹಲ್ಲನ್ನ ಪೂರ್ತಿ ಮುಚ್ಚೋ ಟೊಪ್ಪಿಗೆಯೇ ಬೇಕಾಗುತ್ತೆ, ಅಷ್ಟು ಉಜ್ಜಿದಾರೆ."

"ನನಗೆ ಹೊಸದೇನೂ ಬೇಡ ಡಾಕ್ಟ್ರೇ. ಇವನ್ನ ತೆಗೆದು ಮೊದಲಿನ ಹಾಗೆ ಬಿಟ್ಬಿಡಿ, ಸಾಕು."

ಆಕೆ ಕಡ್ಡಿಯನ್ನು ತಟ್ಟೆಗೆ ಹಾಕಿ ನನ್ನ ಮುಖ ನೋಡಿದರು. "ಉಜ್ಜಿದ ಹಲ್ಲು ಮತ್ತೆ ಬೆಳೆಯಲ್ಲಮ್ಮ. ಒಳಗೆ ಈಗ ಮೊಟಕು ಹಲ್ಲುಗಳಿವೆ, ಅಷ್ಟೇ. ಇನ್ನು ಮೇಲೆ ಅವಕ್ಕೆ ಯಾವಾಗ್ಲೂ ಒಂದು ಹೊದಿಕೆ ಬೇಕೇ ಬೇಕು."

ಹೊದಿಕೆ ಬದಲಾದರೆ ಗುಬ್ಬಿಗೆ ಗೊತ್ತಾಗದೆ ಇರುವುದು ಹೇಗೆ? ಕದ್ದು ಮಾಡಿಸಿಕೊಳ್ಳುವ ಕೆಲಸವಲ್ಲ ಇದು. ಯೋಚಿಸಿ ಬರುತ್ತೇನೆಂದು ಹೇಳಿ ಎದ್ದೆ. ಬಾಗಿಲ ತನಕ ಬಂದು ಆಕೆ ಅಂದರು, "ಮಾಡಿದವರಿಗೆ ಒಂದು ಮಾತು ತಿಳಿಸಿ. ಇಲ್ಲಾಂದ್ರೆ ಅವರಿಗೆ ಹೇಗೆ ಗೊತ್ತಾಗ್ಬೇಕು?"

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಬಂದೆ. ಮನೆಗೆ ಬಂದರೆ ಗುಬ್ಬಿ ನನಗಾಗಿ ಚಹಾ ಮಾಡಿ ಮುಚ್ಚಿಟ್ಟಿದ್ದಳು. "ಶಾಲೆಲಿ ಸುಸ್ತಾಯ್ತಾ ಅಮ್ಮ?" ಅಂದಳು. ಹೌದು ಅಂದೆ.

ನನ್ನ ಕೈಯಲ್ಲಿ ಆಗುತ್ತಿಲ್ಲ ಅಕ್ಕ. ಇಷ್ಟೇ ಬರೆಯುತ್ತೇನೆ.

ತಂಗಿ

&nbsp;

ಆಗಸ್ಟ್ ೨೭

ಪ್ರೀತಿಯ ಅಕ್ಕ,

ನೀನು ಹೊರಟೇ ಬರುತ್ತೇನೆಂದು ಬರೆದದ್ದು ಓದಿ ಕಣ್ಣು ತುಂಬಿಬಂತು. ಆ ಮಂಡಿ ಕಟ್ಟಿಕೊಂಡು ಈಗ ಬರಬೇಡ. ಬಂದರೂ ಆಗಬೇಕಾದ್ದೆಲ್ಲ ಆಗಿಹೋಗಿದೆ. ಇಷ್ಟು ದಿನ ಸುಮ್ಮನಿದ್ದುದಕ್ಕೆ ಕ್ಷಮಿಸು. ನಡುವೆ ಸ್ವಲ್ಪ ಕಾಲ ನನಗೆ ಮಾತೇ ಕಷ್ಟವಾಗಿತ್ತು, ಬರೆಯುವ ಮನಸ್ಸೂ ಇರಲಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದಾಗ ಮುಂದಿನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಕುರ್ಚಿಯಲ್ಲಿ ಒಬ್ಬ ಹುಡುಗಿ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳಂತೆ, ಕತ್ತಿಗೆ ಕಾಗದದ ಹಾಳೆ ಕಟ್ಟಿಕೊಂಡು ಒರಗಿದ್ದಳು. ಮುಂದಿನ ಎರಡು ಹಲ್ಲುಗಳ ನಡುವೆ ಒಂದಿಷ್ಟು ಸಂದು ಬಿಟ್ಟರೆ ಅವಳ ಹಲ್ಲು ಹಾಲಿನಂತೆ ಸ್ವಚ್ಛವಾಗಿದ್ದವು. ಗೋಡೆಯ ಮೇಲಿನ ನನ್ನ ಫೋಟೋ ತೋರಿಸಿ "ಇದೇ ತರ ಬೇಕು ಡಾಕ್ಟ್ರೇ" ಅನ್ನುತ್ತಿದ್ದಳು. ಗುಬ್ಬಿಯ ಕೈಯಲ್ಲಿ ಮರಗಟ್ಟಿಸುವ ಸೂಜಿ ಸಿದ್ಧವಾಗಿತ್ತು. ನನ್ನನ್ನು ನೋಡಿ ಅವಳ ಮುಖ ಅರಳಿತು.

"ಅಗೋ, ಅಮ್ಮನೇ ಬಂದ್ರು! ಬಾಮ್ಮ, ಇವರಿಗೆ ಒಂದ್ಸಲ ನಕ್ಕು ತೋರಿಸು."

ಹುಡುಗಿ ಕುರ್ಚಿಯಲ್ಲೇ ಕತ್ತು ತಿರುಗಿಸಿ ನನ್ನ ಬಾಯಿಯನ್ನೇ ಆಸೆಯಿಂದ ನೋಡಿದಳು. ನಗಲು ಹೋದೆ, ಆಗಲಿಲ್ಲ.

"ಮಾಡಿಸ್ಕೋಬೇಡಮ್ಮ," ಅಂದುಬಿಟ್ಟೆ. "ನಿನ್ನ ಹಲ್ಲು ಚೆನ್ನಾಗಿದೆ. ಒಂದ್ಸಲ ಉಜ್ಜಿದ್ರೆ ವಾಪಸ್ ಬರಲ್ಲ."

ಎಂಜಲು ಎಳೆಯುವ ಕೊಳವೆ ಒಂದೇ ಗೊರಗೊರ ಅನ್ನುತ್ತಿತ್ತು. ಗುಬ್ಬಿ ಅದನ್ನು ಆರಿಸುವುದನ್ನೂ ಮರೆತಿದ್ದಳು. ಆ ಹುಡುಗಿ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಕತ್ತಿನ ಹಾಳೆ ಬಿಚ್ಚಿ ಮಡಚಿಟ್ಟು, "ಇನ್ನೊಂದಿನ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೋದಳು.

ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೂಗಾಡಲಿಲ್ಲ. "ಕೂತ್ಕೋ" ಎಂದು ಕುರ್ಚಿ ತೋರಿಸಿದಳು. ದೀಪವನ್ನು ನನ್ನ ಮುಖದ ಮೇಲೆ ಎಳೆದು, ಬಹಳ ಹೊತ್ತು ನೋಡಿದಳು. ಇಷ್ಟು ತಿಂಗಳಲ್ಲಿ ಅವಳು ನನ್ನ ಬಾಯಿಯನ್ನು ಬೇರೆ ಯಾರದ್ದೋ ಬಾಯಿಯ ಹಾಗೆ ನೋಡಿದ್ದು ಅದೇ ಮೊದಲು. ಕಡ್ಡಿ ಒಸಡಿಗೆ ತಾಗಿಸಿ ತೆಗೆದಾಗ ತುದಿ ಕೆಂಪಾಗಿತ್ತು.

"ಯಾವಾಗಿಂದ ರಕ್ತ ಬರ್ತಿದೆ?"

"ಮೊದಲಿಂದ."

"ದಿನಾ ಕೇಳ್ತಿದ್ದೆನಲ್ಲಮ್ಮ."

"ಹೌದು."

"ದಿನಾ ಇಲ್ಲ ಅಂದೆ."

"ನಿಂಗೆ ಬೇಜಾರಾಗುತ್ತೆ ಅಂತ..."

ಅವಳು ಮುಖವಸ್ತ್ರ ಕೆಳಗೆಳೆದಳು. "ಮೊದಲ ವಾರದಲ್ಲೇ ಹೇಳಿದ್ರೆ ಅಂಚು ತೀಡಿ ಎಷ್ಟೋ ಸರಿ ಮಾಡಬಹುದಿತ್ತು. ಈಗ ಒಸಡೇ ಇಳಿದುಬಿಟ್ಟಿದೆ. ನಂಗೆ ಹೇಗೆ ಗೊತ್ತಾಗ್ಬೇಕಿತ್ತಮ್ಮ?"

ಆ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಕೇಳಿದ್ದೂ ಇದನ್ನೇ. ಹಿರಿಯರೊಬ್ಬರಿಗೆ ತೋರಿಸಿ ಬಂದಿದ್ದೇನೆ ಎಂಬುದನ್ನೂ ಆಗಲೇ ಹೇಳಿಬಿಟ್ಟೆ. "ಸರಿ, ಅಲ್ಲಿಗೇ ಹೋಗೋಣ. ನಾನು ಕೈ ಹಾಕಲ್ಲ," ಅಂದಳು.

ಒಟ್ಟಿಗೆ ಹೋದೆವು. ಬಸ್ಸಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೇ ನೋಡುತ್ತ ಕೂತಳು. ಅಲ್ಲಿ ಡಾಕ್ಟರಮ್ಮನ ಮುಂದೆ ನೆಟ್ಟಗೆ ನಿಂತು, "ಇದನ್ನ ಮಾಡಿದ್ದು ನಾನು" ಅಂದಳು. ಆಕೆ ಒಂದು ಕ್ಷಣ ನನ್ನ ಕಡೆ ನೋಡಿದರು, ಆ 'ಬೇರೆ ಊರು' ನೆನಪಾಗಿರಬೇಕು. ಎಂಜಲು ಎಳೆಯುವ ಕೊಳವೆಯನ್ನು ಗುಬ್ಬಿಯ ಕೈಗೆ ಕೊಟ್ಟು, "ಹಿಡ್ಕೋ. ಹತ್ರ ಬಂದು ನೋಡು," ಅಂದರು.

ಪಿಂಗಾಣಿ ಕೊಯ್ಯುವ ಸದ್ದು ನೆಲದ ಹಾಸುಬಿಲ್ಲೆ ಕೊಯ್ಯುವ ಸದ್ದಿನ ಹಾಗೇ ಇರುತ್ತದೆ. ಒಂದೊಂದು ಪದರವೂ ಚೂರಾಗಿ ತಟ್ಟೆಗೆ ಬೀಳುತ್ತಿತ್ತು. ಎಲ್ಲ ತೆಗೆದ ಮೇಲೆ ನಾನು ಕನ್ನಡಿ ಕೇಳಿದೆ. ಡಾಕ್ಟರಮ್ಮ ಬೇಡ ಅಂದರು. ಆದರೆ ಗುಬ್ಬಿಯ ಕಣ್ಣಲ್ಲಿ ಎಲ್ಲ ಕಂಡಿತು. ನಾನು ಅವಳ ಕೈ ಹಿಡಿಯಲು ಹೋದೆ, ಅವಳು ಕೊಳವೆ ಹಿಡಿದಿದ್ದಳು.

ಆಮೇಲಿನದ್ದು ಬರೀ ಕಾಯುವ ಕೆಲಸ. ಪ್ಲಾಸ್ಟಿಕ್ ಹಲ್ಲು ಹಾಕಿಕೊಂಡು ಒಸಡು ವಾಸಿಯಾಗಲಿ ಎಂದು ಕಾದೆ. ಅಷ್ಟರಲ್ಲಿ ಒಂದು ಹಲ್ಲಿನ ನರ ಸತ್ತು, ಅದಕ್ಕೆ ರೂಟ್ ಕೆನಾಲ್ ಚಿಕಿತ್ಸೆ ಆಯಿತು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿಂದೆ. ಹೊಸ ಹಲ್ಲು ಬಂದಾಗ ಡಾಕ್ಟರಮ್ಮ ತಕ್ಷಣ ಅಂಟಿಸಲಿಲ್ಲ. ಸುಮ್ಮನೆ ಕೂರಿಸಿ, "ಮಾತಾಡಿ, ತರಗತಿಲಿ ಮಾತಾಡೋ ಹಾಗೇ ಮಾತಾಡಿ," ಅಂದರು. ವಾರ, ಹಾವು, ನವಿಲು, ಸಾಸಿವೆ ಎಂದು ನಾನು ಪಾಠ ಒಪ್ಪಿಸುವುದು, ಅವರು ಚೂರು ತೀಡುವುದು, ಮತ್ತೆ ಒಪ್ಪಿಸುವುದು. ಗುಬ್ಬಿ ನನ್ನ ಕೆಳತುಟಿಯನ್ನೇ ನೋಡುತ್ತಿದ್ದಳು. ಒಂದು ಸಲ ಅವಳೇ, "ಎಡಗಡೆ ಇನ್ನೂ ಉದ್ದ ಇದೆ ಮೇಡಂ," ಅಂದಳು. ಸರಿಯಾಗಿಯೇ ಹೇಳಿದ್ದಳು.

ಈಗಿನ ಹಲ್ಲು ಹದವಾಗಿವೆ, ಚಹಾ ಕುಡಿಯುವವಳ ಬಣ್ಣ. ವ ವಾಪಸ್ಸು ಬಂದಿದೆ. ಸ ಸ್ವಲ್ಪ ಸೋರುತ್ತದೆ, ಅದು ಸೋರುತ್ತಲೇ ಇರುತ್ತದಂತೆ. ಒಸಡು ಇಳಿದ ಕಡೆ ಬುಡದಲ್ಲಿ ಒಂದು ಕಪ್ಪು ಗೆರೆ ಕಾಣುತ್ತದೆ. ಮಕ್ಕಳು ನನ್ನ ಬಾಯಿಯನ್ನು ಮೊದಲಿಂದ ಓದಲು ಕಲಿಯುತ್ತಿವೆ. ಗುಂಗುರು ಮಾತ್ರ ನನ್ನ ತರಗತಿಯಲ್ಲಿಲ್ಲ. ಮತ್ತೆ ನನ್ನ ಬಾಯಿ ಓದುವುದು ಬೇಡವೆಂದು ಅವಳ ಅಪ್ಪ ಅಮ್ಮ ಬೇರೆ ಟೀಚರ ತರಗತಿಗೆ ಹಾಕಿಸಿದ್ದಾರೆ. ಅವರು ಮಾಡಿದ್ದೇ ಸರಿ. ಮೊಗಸಾಲೆಯಲ್ಲಿ ಎದುರಾದರೆ ಕೈ ಬೀಸುತ್ತಾಳೆ, ನಿಲ್ಲುವುದಿಲ್ಲ.

ಗುಬ್ಬಿ ಫೋಟೋ ತೆಗೆದುಹಾಕಿದಳು. ದವಾಖಾನೆ ನಡೆಸುತ್ತಿದ್ದಾಳೆ, ಕೀಳುವುದು, ತುಂಬುವುದು, ತೊಳೆಯುವುದು ಅಷ್ಟೇ. ಬೆಳಿಗ್ಗೆ ಹೊತ್ತು ಆ ಡಾಕ್ಟರಮ್ಮನ ಹತ್ತಿರ ಕಲಿಯಲು ಹೋಗುತ್ತಾಳೆ. ಆಕೆಯೇ ಕರೆದರು. ನಿನಗೆ ಈ ಸುದ್ದಿ ಕೊಡುವುದಕ್ಕಾದರೂ ಕಾಗದ ಬರೆಯಬೇಕೆಂದು ಕೂತೆ.

ನಿನ್ನ ಮೊಮ್ಮಗುವಿಗೆ ಮೊದಲ ಹಲ್ಲು ಮೂಡಿದೆ ಎಂದು ಬರೆದಿದ್ದೀಯ. ಈ ಚಿಕ್ಕಜ್ಜಿಯ ಹಾರೈಕೆ ಅದಕ್ಕೆ ಹೇಳು. ಒಂದೊಂದೇ ಗಟ್ಟಿಯಾಗಿ ಬರಲಿ, ಸಾಲು ತಪ್ಪಿದರೂ ಚಿಂತೆಯಿಲ್ಲ, ಬಾಯಿತುಂಬ ನಗಲಿ. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮಂಡಿಗೆ ಬೇಗ ಬುದ್ಧಿ ಬರಲಿ. ದೊಡ್ಡವಳು ನೀನು, ನಮ್ಮಿಬ್ಬರನ್ನೂ ಮನಸ್ಸಿನಲ್ಲೇ ಹರಸು.

ನಿನ್ನ
ತಂಗಿ

ಮರೆತ ಮಾತು: ಮರೆತದ್ದೇನೂ ಅಲ್ಲ, ಬರೆಯಬಾರದೆಂದುಕೊಂಡಿದ್ದೆ. ನಿನ್ನೆ ಊಟದ ಮೇಲೆ ಗುಬ್ಬಿ ನಾನು ತೊಳೆದ ತಟ್ಟೆ ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು, "ಅಮ್ಮ, ನಾನು ಚಿಕ್ಕವಳಿದ್ದಾಗ ಶಾಲೆ ವೇದಿಕೆ ಮೇಲೆ ಹಾಡಿದ್ದೆನಲ್ಲ. ಎಲ್ಲರಿಗಿಂತ ನೀನೇ ಚೆನ್ನಾಗಿ ಹಾಡ್ದೆ ಅಂದಿದ್ದೆ. ಅದೂ ಹೀಗೇನಾ?" ಕೋಪದಿಂದ ಕೇಳಲಿಲ್ಲ ಅಕ್ಕ, ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. ಅವಳು ಆವತ್ತು ನಿಜಕ್ಕೂ ಚೆನ್ನಾಗಿ ಹಾಡಿದ್ದಳು. ಪಕ್ಕದಲ್ಲಿ ನೀನೂ ಕೂತಿದ್ದೆ, ನಿನಗೆ ಗೊತ್ತು. ಅದನ್ನೇ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ ನಿಂತಳು, ನನ್ನ ಮಕ್ಕಳು ನೋಡುವ ಹಾಗೆ. ಆಮೇಲೆ "ಆಯ್ತು ಬಿಡಮ್ಮ" ಎಂದು ತಟ್ಟೆ ಜೋಡಿಸಿಟ್ಟು ಒಳಗೆ ಹೋದಳು. ನೀನು ಅವಳಿಗೊಂದು ಸಾಲು ಬರೆಯುತ್ತೀಯಾ? ನೀನು ಹೇಳಿದರೆ ನಂಬಿಯಾಳು.